ಹರಿದ ಕೈಟ್ ದಾರಕ್ಕೆ ಗಂಟು ಬೇಡ, ಹೆಣಿಗೆ ಹಾಕಿ

ಚಿಕ್ಕಮಗಳೂರಲ್ಲಿ ಕೂತು ಕೈಟ್‌ಸರ್ಫಿಂಗ್ ದಾರದ ಬಗ್ಗೆ ಮಾತಾಡಿದರೆ ನಗುವವರು ಇದ್ದಾರೆ. ಮುಳ್ಳಯ್ಯನಗಿರಿ ಎಲ್ಲಿ, ಸಮುದ್ರ ಎಲ್ಲಿ ಅಂತ. ದೊಡ್ಡ ಗಾಳಿಪಟ ಎಳೆದಂತೆ ಹಲಗೆಯ ಮೇಲೆ ನಿಂತು ನೀರಲ್ಲಿ ಜಾರುವ ಆಟ ಇದು. ಆದರೆ ಚಾರ್ಮಾಡಿ ಇಳಿದರೆ ಕಡಲು ಅಷ್ಟೇನೂ ದೂರ ಇಲ್ಲ, ರಜೆ ಸಿಕ್ಕರೆ ರಾಮೇಶ್ವರ, ತೂತ್ತುಕುಡಿ ಕಡೆ ಓಡುವವರೂ ನಮ್ಮೂರಲ್ಲಿ ಇದ್ದಾರೆ. ಕಷ್ಟ ಶುರುವಾಗುವುದು ದಾರ ಹರಿದಾಗ. ಹೊಸ ಸೆಟ್ ಹೊರಗಿನಿಂದ ತರಿಸಬೇಕು, ಜೇಬಿಗೆ ದೊಡ್ಡ ಕತ್ತರಿ, ಅದು ಬರುವಷ್ಟರಲ್ಲಿ ಗಾಳಿ ನಿಂತಿರುತ್ತದೆ.

ಎಲ್ಲರೂ ಮೊದಲು ಮಾಡುವುದು ಗಂಟು ಹಾಕುವುದು. ಬೇಡ. ಈ ದಾರ ನೈಲಾನ್ ಅಲ್ಲ, ಡೈನೀಮಾ ಅಥವಾ ಸ್ಪೆಕ್ಟ್ರಾ, ಅಂದರೆ ಒಂದು ಜಾತಿಯ ಪಾಲಿಥೀನ್ ನೂಲು. ತೂಕಕ್ಕೆ ತೂಕ ನೋಡಿದರೆ ಉಕ್ಕಿಗಿಂತ ಎಷ್ಟೋ ಪಟ್ಟು ಗಟ್ಟಿ, ನೀರಲ್ಲಿ ತೇಲುತ್ತದೆ, ಆದರೆ ಮೇಣದ ಹಾಗೆ ಜಾರುತ್ತದೆ. ಗಂಟು ಬಿಗಿ ಹಿಡಿಯುವುದಿಲ್ಲ. ಹಿಡಿದರೂ ಗಂಟಿನ ಬಾಗಿನಲ್ಲೇ ಎಳೆಗಳು ಕತ್ತರಿಸಿದಂತಾಗಿ ದಾರದ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕೈಟ್‌ಗೆ ನಾಲ್ಕು ದಾರ, ಅದರಲ್ಲಿ ಮುಂದಿನ ಎರಡರ ಮೇಲೆ ನಿಮ್ಮ ಇಡೀ ದೇಹ ನೇತಾಡುತ್ತಿರುತ್ತದೆ, ಅಲ್ಲಿ ಅರ್ಧ ಬಲ ಸಾಕಾಗುವುದಿಲ್ಲ.

ಹೆಣಿಗೆಗೆ, ಅಂದರೆ ಗಂಟಿಲ್ಲದೆ ಒಂದು ದಾರದೊಳಗೆ ಇನ್ನೊಂದನ್ನು ತೂರಿಸಿ ಜೋಡಿಸುವ ಕೆಲಸಕ್ಕೆ, ಕೈ ಹಾಕುವ ಮುಂಚೆ ದಾರ ಯಾಕೆ ಹರಿಯಿತು ಅಂತ ನೋಡಿ. ಬಂಡೆಗೋ ಚಿಪ್ಪಿಗೋ ಉಜ್ಜಿ ಒಂದೇ ಕಡೆ ಕತ್ತರಿಸಿದ್ದರೆ ಸರಿ, ಉಳಿದ ದಾರ ಚೆನ್ನಾಗಿಯೇ ಇರುತ್ತದೆ. ಸುಮ್ನೆ ಗಾಳಿಯಲ್ಲಿ ತಾನಾಗಿಯೇ ಕಿತ್ತು ಬಂದಿದ್ದರೆ ಅದರ ಆಯಸ್ಸು ಮುಗಿದಿದೆ, ನಾಲ್ಕೂ ದಾರ ಬದಲಿಸಿ. ಸಿಹಿನೀರಲ್ಲಿ ತೊಳೆದು, ಒಣಗಿಸಿ, ಬೆರಳುಗಳ ನಡುವೆ ಉದ್ದಕ್ಕೂ ಎಳೆಯಿರಿ. ನೂಲು ಎದ್ದು ರೋಮದಂತೆ ತಾಗುತ್ತಿದ್ದರೆ, ಒಳಗೆ ಮರಳು ಕರಕರ ಅನ್ನುತ್ತಿದ್ದರೆ ಆ ದಾರಕ್ಕೆ ದುಡಿಯುವುದು ದಂಡ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಗಿಟಾರಿನ ಅತಿ ತೆಳ್ಳಗಿನ ತಂತಿ ಒಂದು, ಹೊಸ ಬ್ಲೇಡ್, ಮಾರ್ಕರ್ ಪೆನ್, ಟೇಪು, ಸೂಜಿ, ಗಟ್ಟಿ ಪಾಲಿಯೆಸ್ಟರ್ ದಾರ. ಚೀಲ ಹೊಲಿಯುವ ದಬ್ಬಳ ಮನೆಯಲ್ಲಿ ಇದ್ದೇ ಇರುತ್ತದೆ, ಆದರೆ ಒಂದೂವರೆ ಮಿಲಿಮೀಟರ್ ಆಸುಪಾಸಿನ ದಾರಕ್ಕೆ ಅದು ತೀರಾ ದಪ್ಪ. ಕತ್ತರಿಸಿದ ತುದಿಯನ್ನು ಬೆಂಕಿಯಲ್ಲಿ ಸುಡಬೇಡಿ. ಸುಮಾರು 150 ಡಿಗ್ರಿಗೇ ಕರಗಿ ಮಣಿಯಂತಾಗುತ್ತದೆ, ಆ ಮಣಿ ಎಲ್ಲಿಯೂ ತೂರುವುದಿಲ್ಲ.

ಕೈಟ್ ದಾರ ಜಡೆ ಹೆಣೆದ ಟೊಳ್ಳು ಕೊಳವೆ. ಒಂದರ ಹೊಟ್ಟೆಯೊಳಗೆ ಇನ್ನೊಂದರ ಬಾಲ ತೂರಿಸುವುದೇ ಇಡೀ ವಿದ್ಯೆ, ಪೈಜಾಮಕ್ಕೆ ಲಾಡಿ ಹಾಕಿದಂತೆ. ಎಳೆದಷ್ಟೂ ಹೊರಗಿನ ಜಡೆ ಬಿಗಿಯಾಗಿ ಒಳಗಿನದನ್ನು ಅಮುಕಿ ಹಿಡಿಯುತ್ತದೆ.

ಹರಿದ ಎರಡೂ ತುದಿಯಲ್ಲಿ ಹಾಳಾದ ಭಾಗ ಕತ್ತರಿಸಿ ತೆಗೆಯಿರಿ. ಎರಡರಲ್ಲೂ ತುದಿಯಿಂದ 25 ಸೆಂಟಿಮೀಟರಿಗೆ ಒಂದು ಗುರುತು ಹಾಕಿ. ದಾರದ ದಪ್ಪದ 72 ಪಟ್ಟಿನಷ್ಟು ಉದ್ದದ ಬಾಲ ಒಳಗೆ ಹೋಗಿರಬೇಕು ಅನ್ನುವುದು ಹಗ್ಗದವರ ಲೆಕ್ಕ, ಅದು ಹೆಚ್ಚುಕಡಿಮೆ 11 ಸೆಂಟಿಮೀಟರ್ ಆಗುತ್ತದೆ. ಆದರೆ ಜಾರುವ ದಾರಕ್ಕೆ ಧಾರಾಳವಾಗಿಯೇ ಬಿಡಿ. ಈಗ ಮೊದಲ ದಾರದ ಬಾಲವನ್ನು ಎರಡನೆಯದರ ಗುರುತಿನ ಬಳಿ ಜಡೆ ಬಿಡಿಸಿ ಅಡ್ಡಡ್ಡ ತೂರಿಸಿ, ಎರಡನೆಯದರ ಬಾಲವನ್ನು ಮೊದಲನೆಯದರ ಗುರುತಿನ ಬಳಿ ಹಾಗೆಯೇ. ಎರಡೂ ಗುರುತು ಒಂದಕ್ಕೊಂದು ಕೂರುವ ತನಕ ಎಳೆಯಿರಿ. ಇದಕ್ಕೆ ಬ್ರಮ್ಮೆಲ್ ಅಂತಾರೆ. ದಾರ ಸಡಿಲವಾಗಿದ್ದಾಗಲೂ ಬಾಲ ಜಾರದಂತೆ ತಡೆಯುವುದು ಇದೇ.

ಇನ್ನು ತಾಳ್ಮೆಯ ಕೆಲಸ. ಬಾಲದ ಕೊನೆಯ ಐದು ಸೆಂಟಿಮೀಟರಿನಲ್ಲಿ ಒಂದೊಂದೇ ಎಳೆಯನ್ನು ಬೇರೆ ಬೇರೆ ಕಡೆ ಕತ್ತರಿಸಿ ತೆಳ್ಳಗೆ ಮಾಡಿ. ಮೊಂಡಾಗಿ ಬಿಟ್ಟರೆ ದಪ್ಪ ಹಠಾತ್ ಮುಗಿಯುವ ಆ ಜಾಗದಲ್ಲೇ ಮುಂದಿನ ಸಲ ಹರಿಯುತ್ತದೆ. ತುದಿಗೆ ಒಂದು ಸುತ್ತು ಟೇಪು. ಗಿಟಾರ್ ತಂತಿ ಮಡಚಿ, ಮಡಚಿದ ತುದಿಯನ್ನು ಬೆಸುಗೆಯಿಂದ, ಅಂದರೆ ಎರಡೂ ಗುರುತು ಕೂಡಿದ ಜಾಗದಿಂದ, 30 ಸೆಂಟಿಮೀಟರ್ ಆಚೆ ದಾರದೊಳಗೆ ಚುಚ್ಚಿ, ದಾರವನ್ನು ನೆರಿಗೆ ನೆರಿಗೆಯಾಗಿ ತಂತಿಯ ಮೇಲೆ ಹಿಂದಕ್ಕೆ ತಳ್ಳುತ್ತಾ ಬಂದು ಬೆಸುಗೆಯ ಪಕ್ಕದಲ್ಲಿ ಹೊರತೆಗೆಯಿರಿ. ಮೇಲಿನ ಲೇಪ ಗಟ್ಟಿಯಾಗಿದ್ದರೆ ಬೆರಳಲ್ಲಿ ಹೊಸೆದು ಮೆತ್ತಗೆ ಮಾಡಿ. ಬಾಲವನ್ನು ತಂತಿಯ ಮಡಿಕೆಗೆ ಸಿಕ್ಕಿಸಿ ವಾಪಸ್ ಎಳೆಯಿರಿ. ತುದಿ ಹೊರಗೆ ಇಣುಕಿದಾಗ ಟೇಪು ಬಿಚ್ಚಿ, ಬೆಸುಗೆಯಿಂದ ಆಚೆಗೆ ದಾರವನ್ನು ನೀವುತ್ತಾ ಹೋಗಿ. ನೆರಿಗೆ ಬಿಡುತ್ತಿದ್ದಂತೆ ತುದಿ ತಾನಾಗಿಯೇ ಒಳಗೆ ಸೇರಿಕೊಳ್ಳುತ್ತದೆ. ಇನ್ನೊಂದು ಬಾಲಕ್ಕೂ ಇದೇ. ಕೊನೆಗೆ ಬೆಸುಗೆಯ ಎರಡೂ ಬದಿ ನಾಲ್ಕಾರು ಹೊಲಿಗೆ.

ಹರಿದಿದ್ದು ಬಾರ್ (ಕೈಯಲ್ಲಿ ಹಿಡಿಯುವ ಕೋಲು) ಅಥವಾ ಕೈಟ್ ಕಡೆಯ ತುದಿಯಲ್ಲಾದರೆ ಇಷ್ಟೆಲ್ಲ ಬೇಕಿಲ್ಲ, ಇದೇ ರೀತಿಯಲ್ಲಿ ಹೊಸ ಕುಣಿಕೆ ಹೆಣೆದರೆ ಆಯಿತು.

ಆದರೆ ನನ್ನ ಕೇಳಿದರೆ ಹೆಣಿಗೆ ಸುಲಭ, ಅಳತೆಯೇ ಕಷ್ಟ. ಎರಡು ಬಾಲ ಸೇರಿ ಅರ್ಧ ಮೀಟರ್ ಹೋಯಿತು, ಹಾಳಾಗಿ ಕತ್ತರಿಸಿದ್ದು ಬೇರೆ, ಒಳಗೆ ಬಾಲ ತುಂಬಿ ಉಬ್ಬಿದ ಕಡೆ ಹೊರಗಿನ ಜಡೆಯೂ ಸ್ವಲ್ಪ ಗಿಡ್ಡವಾಗಿರುತ್ತದೆ. ನಾಲ್ಕು ದಾರ ಸಮ ಇಲ್ಲದಿದ್ದರೆ ಕೈಟ್ ಒಂದೇ ಕಡೆ ತಿರುಗುತ್ತಾ ಇರುತ್ತದೆ. ಹಿಂದಿನ ಜೋಡಿ ಗಿಡ್ಡವಾದರೆ ಹಿಮ್ಮುಖವಾಗಿ ಬೀಳುತ್ತದೆ. ನಡುವೆ ತುಂಡು ಸೇರಿಸಿ ಉದ್ದ ಮಾಡುವುದಕ್ಕಿಂತ ಉಳಿದ ಮೂರನ್ನೂ ಅಷ್ಟೇ ಗಿಡ್ಡ ಮಾಡಿ ತುದಿಯಲ್ಲಿ ಹೊಸ ಕುಣಿಕೆ ಹೆಣೆಯುವುದು ಒಳ್ಳೆಯದು. 24 ಮೀಟರ್ ಇದ್ದದ್ದು ಇಪ್ಪತ್ಮೂರೂವರೆ ಆದರೆ ಹಾರಿಸುವವರಿಗೆ ಗೊತ್ತೂ ಆಗುವುದಿಲ್ಲ.

ಇದಕ್ಕೆ ಉದ್ದನೆಯ ಸಮತಟ್ಟು ಜಾಗ ಬೇಕಲ್ವಾ, ನಮ್ಮ ಕಡೆ ಕಾಫಿ ಕಣ ಇರುವಾಗ ಚಿಂತೆ ಯಾಕೆ. ಮಳೆ ಮುಗಿದು ಕುಯ್ಲು ಶುರುವಾಗುವ ಮುಂಚೆ ಕಣ ಖಾಲಿ ಇರುತ್ತದೆ. ಚೆನ್ನಾಗಿ ಗುಡಿಸಿ, ಒಂದು ಕಡೆಯ ಕುಣಿಕೆಗಳನ್ನೆಲ್ಲ ಕಣದಂಚಿನ ಒಂದೇ ಗೂಟಕ್ಕೆ ಸಿಕ್ಕಿಸಿ. ಹೆಣೆದ ದಾರವನ್ನು ಮೊದಲು ಬಲವಾಗಿ ಎಳೆದು ಕೂರಿಸಿ, ಆಮೇಲೆ ಉಳಿದವನ್ನು ಜೊತೆಗಿಟ್ಟು ಅಷ್ಟೇ ಬಿಗಿಯಲ್ಲಿ ಗುರುತು ಹಾಕಿ. ಎಳೆಯುವಾಗ ಯಾವ ಕಾರಣಕ್ಕೂ ದಾರವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಕುಯ್ಯುತ್ತದೆ. ಒಂದು ಕೋಲಿಗೆ ಸಿಕ್ಕಿಸಿ ಎಳೆಯಿರಿ.

ಪರೀಕ್ಷೆಗೆ ಸಿಲ್ವರ್ ಓಕ್ ಮರಕ್ಕೆ ಕಟ್ಟಿ, ಬುಡಕ್ಕೆ ಗೋಣಿಚೀಲ ಸುತ್ತಿ, ಇಬ್ಬರು ಸೇರಿ ಜಗ್ಗಿ. ಬೆಸುಗೆಯ ಪಕ್ಕ ಮೊದಲೇ ಪೆನ್ನಲ್ಲಿ ಗೆರೆ ಹಾಕಿರಿ. ಗೆರೆ ಸರಿದಿದ್ದರೆ ಬಿಚ್ಚಿ ಮತ್ತೆ ಹೆಣೆಯಬೇಕು. ಸರಿದಿಲ್ಲ ಅಂದರೂ ಮೊದಲ ಸಲ ಕಮ್ಮಿ ಗಾಳಿಯಲ್ಲಿ, ದಡದ ಹತ್ತಿರವೇ ಹಾರಿಸಿ. ಗಾಳಿ ನೆಲದಿಂದ ಕಡಲಿನ ಕಡೆ ಬೀಸುತ್ತಿದ್ದರೆ ಅವತ್ತು ಬೇಡ. ಎರಡು ಮೂರು ಸಲ ಹಾರಿಸಿದ ಮೇಲೆ ಹೆಣಿಗೆ ಇನ್ನೂ ಸ್ವಲ್ಪ ಕೂರುತ್ತದೆ, ಆಗ ಮತ್ತೊಮ್ಮೆ ಅಳತೆ ನೋಡಿ ಬಾರ್ ಕಡೆ ಅಳತೆ ಹೊಂದಿಸಲೆಂದೇ ಇರುವ ಗಂಟಿನಲ್ಲಿ ಸರಿಪಡಿಸಿಕೊಳ್ಳಿ.