ಪಹಣಿ ಇಲ್ಲದವನಿಗೆ ಜಾಮೀನು ಯಾರು ನಿಲ್ತಾರೆ?

ನಮ್ಮ ಕಡೆ ಹೊಸ ಜೈಲು ಬರುತ್ತದಂತೆ ಎಂಬ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಅಡಿಕೆ ಸುಲಿಯುವ ಚಪ್ಪರದಲ್ಲಿ. "ಬೋರ್‌ವೆಲ್ ನೀರೆಲ್ಲ ಅವರೇ ಎಳೀತಾರೆ ಮಾರಾಯ್ರೆ" ಎಂದರು ಒಬ್ಬರು. "ಸಂಜೆ ಮೇಲೆ ಹೆಣ್ಮಕ್ಕಳು ಓಡಾಡೋದು ಹೆಂಗೆ?" ಅಂತ ಇನ್ನೊಬ್ಬರು. ಒಳಗೆ ಇರುವವರು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮೂವತ್ತು ವರ್ಷ ಐಟಿಐಯಲ್ಲಿ ಮೋಟಾರು, ವೈಂಡಿಂಗ್ ಕಲಿಸಿ ನಿವೃತ್ತನಾದವನು ನಾನು. ಜೈಲೆಂದರೆ ಶಿವಮೊಗ್ಗ ಪೇಟೆಯ ನಡುವೆ ಇದ್ದ ಹಳೇ ಜೈಲಿನ ಉದ್ದನೆ ಗೋಡೆ, ಅಷ್ಟೇ ನೆನಪು. ಆ ಜೈಲು ಪೇಟೆಯಾಚೆಯ ಸೋಗಾನೆಗೆ ಹೋಗಿ, ಹಳೇ ಜಾಗ ಫ್ರೀಡಂ ಪಾರ್ಕ್ ಆಗಿ, ಈಗ ಅಲ್ಲಿ ಸಭೆ ಸಮಾರಂಭ ನಡೆಯುತ್ತವೆ.

ಜೈಲಿನ ಒಳಗಿರುವವರ ವಿಷಯಕ್ಕೆ ನನ್ನನ್ನು ಎಳೆದವನು ನಮ್ಮ ತೋಟಕ್ಕೆ ಅಡಿಕೆ ಗೊನೆ ಇಳಿಸಲು ಬರುವ ಕೊನೆಗಾರ. ಹೊಡೆದಾಟದ ಕೇಸಿನಲ್ಲಿ ಅವನ ಮಗ ಒಳಗಿದ್ದ. ಜಾಮೀನು ಮಂಜೂರಾಗಿ ಮೂರು ವಾರ ಕಳೆದಿತ್ತು, ಹುಡುಗ ಹೊರಗೆ ಬಂದಿರಲಿಲ್ಲ. ಶ್ಯೂರಿಟಿಗೆ, ಅಂದರೆ ಜಾಮೀನು ನಿಲ್ಲುವವರಿಗೆ, ಜಮೀನಿನ ಪಹಣಿ ಕೇಳಿದ್ದರು. ಇವನದು ಒಂದೂವರೆ ಎಕರೆ ಬಗರ್‌ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನು. ಅಪ್ಪ ಹಾಕಿದ ಅರ್ಜಿ ಇನ್ನೂ ತಾಲೂಕು ಕಚೇರಿಯಲ್ಲೇ ಇದೆ. ಮರ ಇದೆ, ಫಸಲು ಇದೆ, ಪಹಣಿಯಲ್ಲಿ ಹೆಸರಿಲ್ಲ. "ಸಾರ್, ನಿಮ್ಮ ಪಹಣಿ ಕೊಡ್ತೀರಾ?" ಎಂದು ಅಂಗಳದಲ್ಲಿ ನಿಂತು ಕೇಳಿದ. ಸುಳ್ಳು ಯಾಕೆ ಹೇಳಲಿ, ಎರಡು ದಿನ ತಪ್ಪಿಸಿಕೊಂಡು ಓಡಾಡಿದೆ. ಮೂರನೇ ದಿನ ಹೆಂಡತಿಯೇ ಹೇಳಿದಳು: "ಕೊಡಿ ಅತ್ಲಾಗೆ. ಅವ ಓಡಿ ಹೋದ್ರೂ ಅಡಿಕೆ ಮರ ಓಡಿ ಹೋಗ್ತದಾ?"

ಕೋರ್ಟಿನ ವರಾಂಡದಲ್ಲಿ ಕಾಯುವಾಗ ಯುವ ವಕೀಲರೊಬ್ಬರು ಒಂದು ವಿಷಯ ತಿಳಿಸಿದರು. ಜಾಮೀನು ಸಿಕ್ಕಿ ಏಳು ದಿನದೊಳಗೆ ಬಿಡುಗಡೆ ಆಗದಿದ್ದರೆ ಜೈಲಿನ ಸೂಪರಿಂಟೆಂಡೆಂಟ್ ಅದನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲೇ ಹೇಳಿದೆಯಂತೆ. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಕೊನೆಗಾರನ ಮನೆಗೆ ಇದು ಯಾರಿಂದಲೂ ಮುಟ್ಟಿರಲಿಲ್ಲ. ಹುಡುಗ ಹೊರಬಂದ. ನನ್ನ ತಲೆಯೊಳಗೆ ಮಾತ್ರ ಹೊಸ ಜೈಲು ಕೂತುಬಿಟ್ಟಿತು.

ಅಲ್ಲಿ ಒಳಗೆ ಏನು ನಡೆಯುತ್ತದೆ ಎಂದು ಕಣ್ಣಿಡಲು ಏಳು ಜನ ಸೇರಿದೆವು. ನಿವೃತ್ತ ನರ್ಸಮ್ಮ, ಆ ವಕೀಲರು, ಇಬ್ಬರು ಮೇಷ್ಟ್ರು, ಹಾಳೆ ತಟ್ಟೆ ಮಾಡುವ ಸ್ವಸಹಾಯ ಸಂಘದ ಇಬ್ಬರು ಹೆಂಗಸರು, ನಾನು. ಮೊದಲ ಕೆಲಸವೇ ವ್ಯರ್ಥವಾಯಿತು. ಹದಿನಾಲ್ಕು ಬೇಡಿಕೆಯ ಮನವಿ ಬರೆದು, ಎಲ್ಲರೂ ಸಹಿ ಹಾಕಿ, ಮಂತ್ರಿಗಳು ಬಂದಾಗ ಕೊಟ್ಟು ಫೋಟೊ ತೆಗೆಸಿಕೊಂಡೆವು. ಫೋಟೊ ಚೆನ್ನಾಗಿ ಬಂದಿದೆ.

ಹೊಸ ಜೈಲು ಶುರುವಾದ ಮೇಲೆ ಮಾಹಿತಿ ಹಕ್ಕಿನ ದಾರಿ ಹಿಡಿದೆವು. ಅಲ್ಲಿಯೂ ಮೊದಲು ಎಡವಿದ್ದು ನಾನೇ. ನೀರಿನಿಂದ ಹಿಡಿದು ಗ್ರಂಥಾಲಯದವರೆಗೆ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುಂಬಿದ್ದೆ. ವಾಪಸ್ ಬಂತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಧಾರಣವಾಗಿ 150 ಪದ ಮೀರುವಂತಿಲ್ಲ. ಆಮೇಲೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಅಂಟಿಸಿ ಒಂದೊಂದೇ ಬಿಟ್ಟೆವು. ಅಧಿಕಾರೇತರ ಸಂದರ್ಶಕರನ್ನು, ಅಂದರೆ ಜೈಲಿನ ಸ್ಥಿತಿ ನೋಡಿ ಬರೆಯುವ ಹೊರಗಿನ ನಾಗರಿಕರನ್ನು, ನೇಮಿಸಿದ್ದೀರಾ? ಅವರು ಭೇಟಿ ಕೊಟ್ಟ ದಿನಾಂಕಗಳು ಯಾವುವು? ಸಂದರ್ಶಕರ ಪುಸ್ತಕದಲ್ಲಿ ಏನು ಬರೆದಿದ್ದಾರೆ, ಅದರ ಮೇಲೆ ಏನು ಕ್ರಮವಾಯಿತು? "ನಿಮ್ಮ ಅಭಿಪ್ರಾಯವೇನು", "ಯಾಕೆ ಮಾಡಿಲ್ಲ" ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಇರುವ ಕಡತದ ಪ್ರತಿ ಕೊಡಿ ಎನ್ನಬೇಕು. ಮೂವತ್ತು ದಿನದಲ್ಲಿ ಬಂದದ್ದು ಒಂದೇ ಸಾಲು: ನೇಮಕ ಪ್ರಕ್ರಿಯೆ ಪ್ರಗತಿಯಲ್ಲಿದೆ. ಮೇಲ್ಮನವಿ ಹಾಕಿದೆವು. ಪ್ರಗತಿ ಸ್ವಲ್ಪ ಓಡಿತು. ನಮ್ಮ ನರ್ಸಮ್ಮನ ಹೆಸರೂ ಪಟ್ಟಿ ಸೇರಿತು.

ಅವರು ಮೊದಲ ಸಲ ಒಳಗೆ ಹೋಗುವ ಮುಂಚೆ ಕೂತು ಏನೇನು ನೋಡಬೇಕೆಂದು ಮಾತಾಡಿಕೊಂಡೆವು. ಅಡುಗೆಮನೆ ಎಲ್ಲರಿಗೂ ತೋರಿಸುತ್ತಾರೆ, ಆವತ್ತು ಸಾರೂ ರುಚಿಯಾಗಿರುತ್ತದೆ. ಅವರಿಗೆ ನಾವು ಹೇಳಿದ್ದು ಕಕ್ಕಸು ಯಾರು ತೊಳೀತಾರೆ ಕೇಳಿ ಅಂತ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದು ಸಂವಿಧಾನಕ್ಕೆ ವಿರುದ್ಧ ಎಂದಿತು, ಕೈದಿಗಳ ರಿಜಿಸ್ಟರಿನ ಜಾತಿ ಕಾಲಂ ತೆಗೆಯಲು ಹೇಳಿತು. ಸರದಿ ಪಟ್ಟಿ ಕೇಳಿದರೆ ಎಲ್ಲ ಗೊತ್ತಾಗುತ್ತದೆ. ಇನ್ನೊಂದು ಪಟ್ಟಿ ವಿಚಾರಣಾಧೀನರದ್ದು, ಅಂದರೆ ಕೇಸು ಇನ್ನೂ ತೀರ್ಮಾನವಾಗದೆ ಒಳಗಿರುವವರದ್ದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಕ್ರಿಮಿನಲ್ ಪ್ರಕ್ರಿಯೆ ಕಾನೂನಿನ 479ನೇ ಕಲಂ ಪ್ರಕಾರ ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದ ಆರೋಪಿ ತನ್ನ ಮೇಲಿನ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿಯ ಕೇಸುಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇರುವವರಿಗೆ ಇದಿಲ್ಲ. ಕೋರ್ಟಿಗೆ ಅರ್ಜಿ ಹಾಕುವ ಹೊಣೆ ಸೂಪರಿಂಟೆಂಡೆಂಟರದ್ದೇ. ನರ್ಸಮ್ಮ ಆಸ್ಪತ್ರೆಯ ಚಾರ್ಟ್ ನೋಡಿದ ಹಾಗೆ ತಾರೀಖು ಲೆಕ್ಕ ಹಾಕಿ, ತಾವು ಕಂಡದ್ದನ್ನು ಪುಸ್ತಕದಲ್ಲೇ ಬರೆದು ಬಂದರು. ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಬರೆದರೆ ಅದರ ಪ್ರತಿಯನ್ನು ನಾವು ಕೇಳಬಹುದು.

ಒಳಗಿರುವವರಿಗೆ ಕಸುಬಿನ ತರಬೇತಿ ಕೊಡುವ ವಿಷಯ ಬಂದಾಗ ಜೈಲಿನ ಅಧಿಕಾರಿಗಳು ಹೊಲಿಗೆ, ಮೇಣದ ಬತ್ತಿ ಎಂದರು. ನಮ್ಮ ಮಲೆನಾಡಿನಲ್ಲಿ ಮೇಣದ ಬತ್ತಿ ಮಾಡಿ ಬದುಕಿದವನನ್ನು ನಾನು ಕಂಡಿಲ್ಲ. ಇಲ್ಲಿ ಕೆಡುವುದು ಪಂಪ್‌ಸೆಟ್, ಕಳೆ ಕೊಚ್ಚುವ ಮಿಷನ್, ಅಡಿಕೆ ಸುಲಿಯುವ ಯಂತ್ರ. ಮೋಟಾರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದನ್ನು, ಕಲಿಸುತ್ತೇನೆ ಎಂದೆ. "ಸುತ್ತಿಗೆ, ಕಟಿಂಗ್ ಪ್ಲೇಯರ್ ಒಳಗೆ ಬಿಡೋಕೆ ಆಗುತ್ತೇನ್ರಿ?" ಎಂದು ನಕ್ಕರು. ಪ್ರಶ್ನೆ ಸರಿಯಾಗಿಯೇ ಇತ್ತು. ಐಟಿಐಯಲ್ಲಿ ಮಾಡುತ್ತಿದ್ದ ಉಪಾಯವನ್ನೇ ತಂದೆ. ಒಂದು ಹಲಗೆ, ಅದರ ಮೇಲೆ ಪ್ರತಿ ಸಲಕರಣೆಯ ಆಕಾರ ಕೆಂಪು ಬಣ್ಣದಲ್ಲಿ ಬರೆದದ್ದು. ಸಲಕರಣೆ ತೂಗುಹಾಕಿದರೆ ಕೆಂಪು ಮುಚ್ಚುತ್ತದೆ, ಒಂದು ಸ್ಕ್ರೂಡ್ರೈವರ್ ಕಡಿಮೆಯಾದರೂ ಬಾಗಿಲಿನಿಂದಲೇ ಕಾಣುತ್ತದೆ. ತಾಮ್ರದ ತಂತಿಯನ್ನು ತೂಕ ಮಾಡಿ ಕೊಟ್ಟು, ಸುತ್ತಿದ ಕಾಯಿಲು, ಚೂರು ಎಲ್ಲ ಸೇರಿಸಿ ತೂಕ ಮಾಡಿ ವಾಪಸ್ ತಗೊಳ್ಳುವುದು. ಮೊದಲ ತಿಂಗಳು ವಾರ್ಡರ್ ಒಬ್ಬರು ಪಕ್ಕದಲ್ಲೇ ನಿಂತಿದ್ದರು. ಎರಡನೇ ತಿಂಗಳು ಅವರೇ ಮನೆಯ ಮಿಕ್ಸಿ ತಂದರು.

ಒಂದು ತಪ್ಪು ಮಾಡಿದೆ. ಆರು ತಿಂಗಳ ಪಾಠ ಯೋಜಿಸಿದ್ದೆ. ಅಲ್ಲಿ ಬರುವವರಲ್ಲಿ ಬಹಳ ಜನ ವಿಚಾರಣಾಧೀನರು. ಇವತ್ತು ಬೆಂಚಿನಲ್ಲಿ ಇದ್ದವನು ನಾಳೆ ಜಾಮೀನಿನ ಮೇಲೆ ಹೋಗಿರುತ್ತಾನೆ, ಹೋಗಲೇಬೇಕು ಕೂಡ. ಪಾಠವನ್ನು ಹತ್ತು ಹತ್ತು ದಿನದ ತುಂಡು ಮಾಡಿದೆ. ಮೊದಲ ಹತ್ತರಲ್ಲಿ ಕೆಪಾಸಿಟರ್ ಬದಲಿಸುವುದು, ಬೇರಿಂಗ್ ಬಿಚ್ಚುವುದು, ಇಷ್ಟೇ. ಅಷ್ಟು ಕಲಿತರೂ ಮಳೆಗಾಲ ಕಳೆದ ಮೇಲೆ ಯಾವುದಾದರೂ ತೋಟದಲ್ಲಿ ದಿನಗೂಲಿಗಿಂತ ಎರಡು ಕಾಸು ಜಾಸ್ತಿ ಸಿಗುತ್ತದೆ. ಸರ್ಟಿಫಿಕೇಟಿನಲ್ಲಿ ಕಾರಾಗೃಹದ ಹೆಸರು, ಮೊಹರು ಇರಕೂಡದು ಎಂದು ಹಟ ಹಿಡಿದೆ. ನಾಲ್ಕು ಪತ್ರ ಬರೆದ ಮೇಲೆ ಒಪ್ಪಿದರು. ಆ ಹಾಳೆ ತೋರಿಸಿ ಕೆಲಸ ಕೇಳುವವನಿಗೆ ಅದರ ತಲೆಬರಹವೇ ಶತ್ರುವಾಗಬಾರದಲ್ಲ.

ಊರವರ ನೀರಿನ ಆತಂಕ ಸುಳ್ಳಲ್ಲ. ಮಳೆನೀರು ಇಂಗಿಸುವ ವ್ಯವಸ್ಥೆಯ ನಕ್ಷೆ ಕೇಳಿದ್ದೇವೆ, ಅದು ಬೇರೆಯೇ ಜಗಳ, ಇನ್ನೂ ನಡೆಯುತ್ತಿದೆ.

ಬಸ್ಸಿನ ವಿಷಯ ಹೇಳಿಬಿಡುತ್ತೇನೆ. ಭೇಟಿಗೆ ಬರುವ ತಾಯಂದಿರು ಮುಖ್ಯ ರಸ್ತೆಯಲ್ಲಿ ಇಳಿದು ಎರಡು ಕಿಲೋಮೀಟರ್ ನಡೆಯುತ್ತಿದ್ದರು. ಜುಲೈ ಮಳೆಯಲ್ಲಿ ಕೊಡೆ ನಿಲ್ಲುವುದಿಲ್ಲ. ಒದ್ದೆ ಸೀರೆಯಲ್ಲೇ ಸಂದರ್ಶನದ ಸಾಲಿನಲ್ಲಿ ನಿಲ್ಲಬೇಕು. ಸರ್ಕಾರಿ ಕಚೇರಿಗೆ ಬರೆದದ್ದು ಕಡತ ಸೇರಿತು. ಖಾಸಗಿ ಬಸ್ಸಿನ ಮಾಲೀಕರ ಮನೆಗೇ ಹೋಗಿ ಕೇಳಿದಾಗ ಬೆಳಗಿನ ಒಂದು ಟ್ರಿಪ್ ಒಳಗಿನ ರಸ್ತೆಗೆ ತಿರುಗಿಸಲು ಒಪ್ಪಿದರು. ಮೊದಲ ದಿನ ನಾನೂ ಹತ್ತಿದೆ. ತಿರುವು ಬಂದಾಗ ಕಂಡಕ್ಟರ್ ಹುಡುಗ "ಹೊಸ ಕ್ರಾಸ್, ಹೊಸ ಕ್ರಾಸ್" ಎಂದು ಕೂಗಿದ. ಜೈಲು ಸ್ಟಾಪ್ ಅನ್ನಬೇಕಿತ್ತಲ್ಲವಾ ಎಂದೆ. "ಹಂಗೆ ಕೂಗಿದ್ರೆ ಯಾರೂ ಇಳಿಯಲ್ಲ ಸಾರ್" ಎಂದ. ಮೂವರು ಹೆಂಗಸರು ಚೀಲ ಎತ್ತಿಕೊಂಡು ಇಳಿದರು.