ಮೊದಲ ವರ್ಷದ ಬರವಣಿಗೆ ಸೆಮಿನಾರ್: ಪಟ್ಟಿ ತುಂಬುವ ಮುನ್ನ

ಅಮೆರಿಕದ ಕಾಲೇಜಿನಲ್ಲಿ ಸೀಟು ಸಿಕ್ಕ ಮೇಲೆ ಬರುವ ಇ-ಮೇಲ್‌ಗಳ ರಾಶಿಯಲ್ಲಿ, ಬರವಣಿಗೆ ಸೆಮಿನಾರಿನ ಆಯ್ಕೆಗಳನ್ನು ಇಂಥ ದಿನದೊಳಗೆ ತಿಳಿಸಿ ಎಂಬ ಸೂಚನೆಯೂ ಇರುತ್ತದೆ. ಕರ್ನಾಟಕದಿಂದ ಹೊರಟ ವಿದ್ಯಾರ್ಥಿಗಳು ಕ್ಯಾಲ್ಕುಲಸ್, ಕಂಪ್ಯೂಟರ್ ಸೈನ್ಸ್ ತರಗತಿಗಳ ಬಗ್ಗೆ ಹತ್ತು ಜನರನ್ನು ವಿಚಾರಿಸುತ್ತಾರೆ. ಇದನ್ನು ಮಾತ್ರ ‘ಇಂಗ್ಲಿಷ್ ತಾನೆ’ ಎಂದುಕೊಂಡು ಕೊನೆಯ ಗಳಿಗೆಯಲ್ಲಿ ತುಂಬಿ ಕಳಿಸುತ್ತಾರೆ. ಮೊದಲ ಸೆಮಿಸ್ಟರಿನಲ್ಲಿ ಎಲ್ಲಕ್ಕಿಂತ ಯೋಚಿಸಿ ಆರಿಸಬೇಕಾದ ತರಗತಿ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಲ್ಲಿ ವ್ಯಾಕರಣ ಕಲಿಸುವುದಿಲ್ಲ. ಪ್ರತಿ ಸೆಮಿನಾರಿಗೂ ತನ್ನದೇ ಒಂದು ವಿಷಯವಿರುತ್ತದೆ. ಅದನ್ನು ಹಿಡಿದು ಆಳವಾಗಿ ಓದುವುದು, ಸ್ವಂತ ವಾದವನ್ನು ಕಟ್ಟುವುದು, ಅದಕ್ಕೆ ಆಧಾರ ಒದಗಿಸುವುದು ಇಲ್ಲಿನ ಕೆಲಸ. ಹಾರ್ವರ್ಡ್‌ನಲ್ಲಿ ಬರವಣಿಗೆಯ ತರಗತಿ 1872ರಿಂದಲೂ ಕಡ್ಡಾಯ. ಪ್ರಿನ್ಸ್‌ಟನ್‌ನಲ್ಲಿ ಒಂದು ಸೆಮಿನಾರಿಗೆ ಹನ್ನೆರಡೇ ವಿದ್ಯಾರ್ಥಿಗಳು. ಕಾರ್ನೆಲ್‌ನ ಬಹುತೇಕ ಕಾಲೇಜುಗಳಲ್ಲಿ ಇಂಥ ಎರಡು ಸೆಮಿನಾರುಗಳನ್ನು ಮುಗಿಸಬೇಕು, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಇದು ತಪ್ಪಿದ್ದಲ್ಲ. ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇದೇ ಕೆಲಸವನ್ನು ‘ಕಾಂಪೊಸಿಷನ್’ ಎಂಬ ಹೆಸರಿನ ತರಗತಿ ಮಾಡುತ್ತದೆ. ವಿಷಯದ ಆಯ್ಕೆ ಅಲ್ಲಿ ಸಾಮಾನ್ಯವಾಗಿ ಕಡಿಮೆ.

ದ್ವಿತೀಯ ಪಿಯುಸಿಯ ಇಂಗ್ಲಿಷ್ ಪರೀಕ್ಷೆಯಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದವರೂ ಇಲ್ಲಿ ಮೊದಲ ಪ್ರಬಂಧದಲ್ಲಿ ಮುಗ್ಗರಿಸಬಹುದು. ಅಲ್ಲಿ ಸರಿಯಾದ ಉತ್ತರ ಮೊದಲೇ ಇರುತ್ತದೆ, ಅದನ್ನು ಚೆನ್ನಾಗಿ ಬರೆದರೆ ಸಾಕು. ಇಲ್ಲಿ ಅಧ್ಯಾಪಕರ ಬಳಿ ಸಿದ್ಧ ಉತ್ತರವೇ ಇರುವುದಿಲ್ಲ. ನೀವು ಏನು ಹೇಳುತ್ತೀರಿ, ಅದನ್ನು ಒಪ್ಪದವನಿಗೆ ಏನು ಉತ್ತರ ಕೊಡುತ್ತೀರಿ ಎಂದು ಕೇಳುತ್ತಾರೆ. ಕರಡು ಬರೆಯಿಸಿ, ಅಂಚಿನಲ್ಲಿ ಟಿಪ್ಪಣಿ ಹಾಕಿ ಹಿಂದಿರುಗಿಸಿ, ಮತ್ತೆ ಬರೆಯಿಸುತ್ತಾರೆ. ಅಂಚಿನ ತುಂಬ ಟಿಪ್ಪಣಿ ಕಂಡರೆ ಎದೆಗುಂದಬೇಡಿ, ನಿಮ್ಮ ಬರಹವನ್ನು ಅವರು ಗಮನವಿಟ್ಟು ಓದಿದ್ದಾರೆ ಎಂದು ಅದರ ಅರ್ಥ.

ಈಗ ಆಯ್ಕೆಯ ಮಾತು. ಕಾರ್ನೆಲ್‌ನಲ್ಲಿ ನಿಮಗೆ ಬೇಕಾದ ಐದು ಸೆಮಿನಾರುಗಳನ್ನು ಆದ್ಯತೆಯ ಕ್ರಮದಲ್ಲಿ ಕೊಡಬೇಕು. ಹಾರ್ವರ್ಡ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳಲ್ಲೂ ಇಂಥದೇ ಏರ್ಪಾಡು. ಕೇಳಿದ್ದೇ ಸಿಗುತ್ತದೆ ಎಂಬ ಖಾತರಿಯಿಲ್ಲ. ಹಾಗಾಗಿ ಕೊನೆಯ ಆಯ್ಕೆಯನ್ನೂ ಅದೇ ಸಿಕ್ಕಿದರೆ ಒಂದು ಸೆಮಿಸ್ಟರ್ ಇದರೊಂದಿಗೆ ಕಳೆಯಬಲ್ಲೆನೇ ಎಂದು ಕೇಳಿಕೊಂಡೇ ಬರೆಯಿರಿ. ಶೀರ್ಷಿಕೆಯನ್ನು ನೋಡಿ ಆರಿಸಬೇಡಿ. ಸಿನಿಮಾ ಎಂಬ ಹೆಸರು ಹೊತ್ತ ಸೆಮಿನಾರಿನಲ್ಲಿ ವಾರವಿಡೀ ಕಠಿಣವಾದ ತತ್ತ್ವಶಾಸ್ತ್ರ ಓದಬೇಕಾಗಬಹುದು. ಶೀರ್ಷಿಕೆಯ ಕೆಳಗೆ ಕೊಟ್ಟಿರುವ ವಿವರಣೆಯಲ್ಲಿ ಏನು ಓದಿಸುತ್ತಾರೆ, ಯಾವ ಪ್ರಶ್ನೆ ಎತ್ತುತ್ತಾರೆ, ಕೊನೆಯ ಪ್ರಬಂಧ ಯಾವ ಬಗೆಯದು ಎಂಬುದನ್ನು ನೋಡಿ. ತರಗತಿಯ ವೇಳೆ ನಿಮ್ಮ ಲ್ಯಾಬ್‌ನ ವೇಳೆಗೆ ಅಡ್ಡ ಬರುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ನನಗೆ ಗೊತ್ತಿರುವ ವಿಷಯ ಸುಲಭ ಎಂದುಕೊಂಡು ಕೃತಕ ಬುದ್ಧಿಮತ್ತೆಯ ಸೆಮಿನಾರನ್ನೋ ಭಾರತದ ಕುರಿತ ಸೆಮಿನಾರನ್ನೋ ಹಿಡಿಯುವವರು ಬಹಳ. ಗೊತ್ತಿರುವುದನ್ನು ವಿವರಿಸುತ್ತಾ ಕುಳಿತರೆ ವಾದ ಹುಟ್ಟುವುದಿಲ್ಲ. ಯಾವ ವಿಷಯದಲ್ಲಿ ನಿಮಗೆ ತಕರಾರು ಇದೆಯೋ, ಯಾವುದರ ಬಗ್ಗೆ ಸ್ನೇಹಿತರೊಡನೆ ಊಟ ಮರೆತು ಜಗಳವಾಡಿದ್ದೀರೋ ಅದನ್ನು ಮೇಲಿಡಿ. ನೀರಿನ ಹಕ್ಕಿನ ಕುರಿತ ಸೆಮಿನಾರೊಂದು ಇದೆ ಎಂದುಕೊಳ್ಳಿ. ಮಂಡ್ಯದ ಹುಡುಗಿಗೆ ಕಾವೇರಿಯ ಬಗ್ಗೆ ಹೇಳಲು ಖಂಡಿತ ಮಾತಿದೆ. ಆದರೆ ಬರೆಯಲು ಕುಳಿತಾಗ ಅವಳು 2018ರ ಸುಪ್ರೀಂ ಕೋರ್ಟ್ ತೀರ್ಪನ್ನು ಓದಬೇಕು. ತಂಜಾವೂರಿನ ರೈತನ ಪರವಾದ ವಾದವನ್ನು ಅವನೇ ಒಪ್ಪುವಷ್ಟು ನ್ಯಾಯವಾಗಿ ಮಂಡಿಸಬೇಕು. ಆಮೇಲೆ ತನ್ನ ನಿಲುವು ಎಲ್ಲಿ ನಿಲ್ಲುತ್ತದೆ, ಎಲ್ಲಿ ಬದಲಾಗಬೇಕು ಎಂದು ಬರೆಯಬೇಕು. ಮನೆಯಲ್ಲಿ ಕೇಳಿ ಬೆಳೆದ ಮಾತನ್ನು ಹೀಗೆ ಪರೀಕ್ಷೆಗೆ ಒಡ್ಡುವುದು ಕಷ್ಟದ ಕೆಲಸ. ಈ ಸೆಮಿನಾರಿನಿಂದ ಸಿಗುವ ದೊಡ್ಡ ಲಾಭವೂ ಅದೇ. ಇಂಥ ಪ್ರಬಂಧಕ್ಕೆ ಕನ್ನಡ ಪತ್ರಿಕೆಗಳನ್ನೂ ಪುಸ್ತಕಗಳನ್ನೂ ಆಕರವಾಗಿ ಬಳಸಬಹುದೇ ಎಂದು ಅಧ್ಯಾಪಕರನ್ನು ಧೈರ್ಯವಾಗಿ ಕೇಳಿ. ಅನುವಾದ ನಿಮ್ಮದೇ ಎಂದು ನಮೂದಿಸಿದರೆ ಹಲವರು ಸಂತೋಷದಿಂದ ಒಪ್ಪುತ್ತಾರೆ.

ಅಮೆರಿಕದಲ್ಲೇ ಶಾಲೆ ಮುಗಿಸಿದ ಮಕ್ಕಳ ತಂದೆತಾಯಿಯರು ಎಪಿ ಇಂಗ್ಲಿಷ್‌ನ (ಶಾಲೆಯಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಅಂಕದಿಂದ ವಿನಾಯಿತಿ ಸಿಗುವುದೇ ಎಂದು ಕೇಳುತ್ತಾರೆ. ಅನೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಿಗುತ್ತದೆ. ಹಾರ್ವರ್ಡ್, ಪ್ರಿನ್ಸ್‌ಟನ್‌ಗಳಲ್ಲಿ ಸಿಗುವುದಿಲ್ಲ. ಸಿಗುವ ಕಡೆಯಲ್ಲೂ ತೆಗೆದುಕೊಳ್ಳಬೇಡಿ ಎನ್ನುತ್ತೇನೆ. ನೂರಾರು ಜನ ಕೂರುವ ಉಪನ್ಯಾಸಗಳ ನಡುವೆ, ಅಧ್ಯಾಪಕರು ನಿಮ್ಮನ್ನು ಹೆಸರು ಹಿಡಿದು ಕರೆಯುವ ಸಣ್ಣ ತರಗತಿ ಮೊದಲ ವರ್ಷದಲ್ಲಿ ಇದೊಂದೇ ಆಗಿರಬಹುದು. ಮುಂದೆ ಶಿಫಾರಸು ಪತ್ರ ಕೇಳಲು ಹೋಗುವುದೂ ಇಂಥವರ ಬಳಿಗೇ.

ನಕಲಿನ ವಿಚಾರದಲ್ಲಿ ಇಲ್ಲಿ ಕರುಣೆ ಕಡಿಮೆ. ಗೈಡಿನ ವಾಕ್ಯಗಳನ್ನು ಎತ್ತಿ ಬರೆಯುವ ಅಭ್ಯಾಸವನ್ನು ವಿಮಾನ ಹತ್ತುವ ಮೊದಲೇ ಬಿಡಿ. ವಾಕ್ಯ ನಿಮ್ಮದಾಗಿದ್ದು ವಿಚಾರ ಬೇರೆಯವರದಾದರೂ ಆಕರವನ್ನು ಹೇಳಲೇಬೇಕು. ಚಾಟ್‌ಜಿಪಿಟಿಯಂಥವನ್ನು ಬಳಸಬಹುದೇ, ಎಷ್ಟರ ಮಟ್ಟಿಗೆ ಎಂಬುದು ತರಗತಿಯಿಂದ ತರಗತಿಗೆ ಬೇರೆ. ಪಠ್ಯಕ್ರಮದ ಹಾಳೆಯಲ್ಲಿ ಅದನ್ನು ಓದಿ, ಸಂದೇಹವಿದ್ದರೆ ಕೇಳಿ. ಕರಡಿನೊಂದಿಗೆ ಹೆಣಗುತ್ತಿದ್ದರೆ ಕ್ಯಾಂಪಸ್ಸಿನ ರೈಟಿಂಗ್ ಸೆಂಟರಿಗೆ ಹೋಗಿ. ಶುಲ್ಕವಿಲ್ಲ, ಚೆನ್ನಾಗಿ ಬರೆಯುವವರೂ ಹೋಗುತ್ತಾರೆ.

ಸಿಕ್ಕ ಸೆಮಿನಾರು ಒಗ್ಗದಿದ್ದರೆ ಸೆಮಿಸ್ಟರಿನ ಮೊದಲ ಒಂದೆರಡು ವಾರಗಳಲ್ಲಿ ಬದಲಿಸಲು ಸಾಮಾನ್ಯವಾಗಿ ಅವಕಾಶವಿದೆ. ಆದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಬೇರೊಂದು ತರಗತಿಯಲ್ಲಿ ಜಾಗ ಸಿಗುವ ಮೊದಲು ಇದನ್ನು ಕೈಬಿಡಬಾರದು. ಆ ವೀಸಾದ ನಿಯಮದಂತೆ ಪದವಿ ವಿದ್ಯಾರ್ಥಿಗಳು ಪ್ರತಿ ಸೆಮಿಸ್ಟರಿನಲ್ಲಿ ಕನಿಷ್ಠ 12 ಕ್ರೆಡಿಟ್ (ತರಗತಿಗಳ ಓದಿನ ಹೊರೆಯ ಅಳತೆ) ಓದುತ್ತಿರಬೇಕು. ಅದಕ್ಕಿಂತ ಕೆಳಗೆ ಇಳಿಯಬೇಕಾಗಿ ಬಂದರೆ, ಇಳಿಯುವ ಮೊದಲೇ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಒಪ್ಪಿಗೆ ಪಡೆಯಬೇಕು.