ಮಳೆ ಬಿದ್ದ ಒಂಬತ್ತನೇ ದಿನ ಅರಳುವ ಪಾರಿವಾಳ ಆರ್ಕಿಡ್

ಪಾರಿವಾಳ ಆರ್ಕಿಡ್ ಮನೆಗೆ ತಂದವರು ಮೊದಲ ಸಲ ಹೂ ಬಿಟ್ಟಾಗ ಗಾಬರಿಯಾಗುವುದುಂಟು. ಬೆಳಗ್ಗೆ ಗಿಡದ ತುಂಬ ಬಿಳಿ ಹೂ, ನಡುವೆ ಹಳದಿ ಮಚ್ಚೆ, ಅಂಗಳವೆಲ್ಲ ಘಮ. ಸಂಜೆ ನೋಡಿದರೆ ಎಲ್ಲವೂ ಮುದುಡಿ ಒದ್ದೆ ಕಾಗದದ ಹಾಗೆ ಜೋತುಬಿದ್ದಿರುತ್ತವೆ. ರೋಗ ಬಂತೆಂದು ಔಷಧಿ ಹೊಡೆಯಬೇಡಿ. ಡೆಂಡ್ರೋಬಿಯಂ ಕ್ರುಮೆನೇಟಮ್ ಎಂಬ ಈ ಜಾತಿಯ ಹೂವಿನ ಆಯುಷ್ಯವೇ ಒಂದು ದಿನ.

ಆ ಒಂದು ದಿನ ಯಾವುದೆಂದು ಮೊದಲೇ ತಿಳಿಯಬಹುದು. ಇದರ ಮೊಗ್ಗು ಚೂರು ಬೆಳೆದು ಅಲ್ಲೇ ನಿಂತುಬಿಡುತ್ತದೆ. ಬಿಸಿಲು ಕಾದ ದಿನಗಳ ನಡುವೆ ಜೋರು ಮಳೆ ಸುರಿದು ಉಷ್ಣಾಂಶ ಹಠಾತ್ತನೆ ಐದಾರು ಡಿಗ್ರಿ ಸೆಲ್ಸಿಯಸ್ ಇಳಿದರೆ ಮತ್ತೆ ಬೆಳೆಯಲು ಶುರುಮಾಡಿ, ಸುಮಾರು 9ನೇ ದಿನ ಅರಳುತ್ತದೆ. ಸಿಂಗಪುರದಲ್ಲಿ ರಸ್ತೆಬದಿಯ ಮರಗಳ ಮೇಲೆ ತಾನಾಗಿ ಬೆಳೆದ ಗಿಡಗಳೂ ಹೀಗೆಯೇ ಒಟ್ಟಿಗೆ ಹೂವಾಗುತ್ತವೆ. ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಬಿದ್ದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎಂಟನೇ ದಿನ ಮೊಗ್ಗು ಉಬ್ಬಿದೆಯೇ ನೋಡಿ. ಮರುದಿನ ಬೆಳಗ್ಗೆ ಹೂವಿನ ಮೇಲೆ ನೀರು ಹಾಯಿಸಬೇಡಿ.

ಹೂವೇ ಬರುತ್ತಿಲ್ಲವೆಂದರೆ ಸಾಮಾನ್ಯವಾಗಿ ಜಾಗದ ತಪ್ಪು. ಮನೆಯೊಳಗೆ, ಮುಚ್ಚಿದ ಬಾಲ್ಕನಿಯಲ್ಲಿ ಇಟ್ಟ ಗಿಡಕ್ಕೆ ಮಳೆಯ ತಂಪು ತಟ್ಟುವುದೇ ಇಲ್ಲ. ಬೆಳಗಿನ ಬಿಸಿಲು ಚೆನ್ನಾಗಿ ಬೀಳುವ, ಗಾಳಿ ಆಡುವ ಬಯಲಿನಲ್ಲಿರಲಿ. ಇನ್ನೊಂದು ತಪ್ಪು ಕತ್ತರಿಯದು. ಕಾಂಡ ಬುಡದ ಹತ್ತಿರ ಉಬ್ಬಿ, ನಡುವೆ ಎಲೆ ಹೊತ್ತು, ತುದಿಯಲ್ಲಿ ಒಣಕಡ್ಡಿಯಂತೆ ಸಪೂರವಾಗಿ ಬೋಳಾಗಿರುತ್ತದೆ. ಒಣಗಿದೆಯೆಂದು ಆ ತುದಿ ಕತ್ತರಿಸಿದರೆ ಹೂ ಹೋಯಿತು. ಹೂ ಬರುವುದೇ ಅಲ್ಲಿ, ಅದೂ ಮತ್ತೆ ಮತ್ತೆ.

ಮಾವು, ಹಲಸಿನಂಥ ಒರಟು ತೊಗಟೆಯ ಮರಕ್ಕೆ ಕಟ್ಟುವುದು ಎಲ್ಲಕ್ಕಿಂತ ಒಳ್ಳೆಯದು. ಸೀಬೆ ಮರ ಬೇಡ, ಅದರ ತೊಗಟೆ ಸುಲಿಯುತ್ತದೆ. ಮಳೆಗಾಲದ ಆರಂಭದಲ್ಲಿ ಹತ್ತಿ ದಾರದಿಂದ ಅಲುಗಾಡದಂತೆ ಬಿಗಿಯಿರಿ. ಅಲುಗಾಡಿದರೆ ಎಳೆ ಬೇರಿನ ತುದಿ ಉಜ್ಜಿ ಸಾಯುತ್ತದೆ. ಮರವಿಲ್ಲದಿದ್ದರೆ ಪಕ್ಕದಲ್ಲಿ ತೂತಿರುವ ನಾಲ್ಕು ಇಂಚಿನ ಮಣ್ಣಿನ ಕುಂಡ ಸಾಕು. ಎರಡು ಪಾಲು ಇದ್ದಿಲು, ಒಂದು ಪಾಲು ಇಟ್ಟಿಗೆ ಚೂರು, ಒಂದು ಪಾಲು ತೆಂಗಿನ ಸಿಪ್ಪೆಯ ತುಂಡು ಹಾಕಿ. ಸಿಪ್ಪೆಯನ್ನು ಎರಡು ದಿನ ನೆನೆಸಿ, ಕಂದು ನೀರು ಚೆಲ್ಲುತ್ತಿರಬೇಕು. ಮಣ್ಣು ಮಾತ್ರ ಹಾಕಬೇಡಿ, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ.

ಬೇಸಿಗೆಯಲ್ಲಿ ದಿನವೂ ಬೆಳಗ್ಗೆ ನೀರು, ಮಳೆಗಾಲದಲ್ಲಿ ಬೇರು ಒಣಗಿದರೆ ಮಾತ್ರ. ಬೋರ್‌ವೆಲ್ ನೀರಿನಿಂದ ಬೇರಿನ ಮೇಲೆ ಬಿಳಿ ಪೊರೆ ಕಟ್ಟಿದರೆ ಮಳೆನೀರಿಗೆ ಬದಲಿಸಿ. ಹೊಸ ಚಿಗುರು ಬೆಳೆಯುವಾಗ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂ ಕರಗಿಸಿ ಹತ್ತು ದಿನಕ್ಕೊಮ್ಮೆ ಸಿಂಪಡಿಸಿ. ಬಸವನಹುಳುಗಳನ್ನು ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ ತೆಗೆಯಬೇಕು, ಮೊಗ್ಗು ಒಮ್ಮೆ ತಿಂದರೆ ಆ ಮಳೆಯ ಹೂ ಇಲ್ಲ.

ಕಾಂಡದ ಮೇಲೆ ಹುಟ್ಟುವ ಮರಿಗೆ ಎರಡು ಇಂಚಿನ ಬೇರು ಬಂದ ಮೇಲೆ ಬಿಡಿಸಿ ಬೇರೆ ಕಡೆ ಕಟ್ಟಬಹುದು. ಬೇರೆ ಬೇರೆ ದಿನ ಹೂ ಸಿಗಲೆಂದು ಒಂದೇ ಅಂಗಳದಲ್ಲಿ ನಾಲ್ಕು ಕಟ್ಟಿದರೆ ಪ್ರಯೋಜನವಿಲ್ಲ, ನಾಲ್ಕೂ ಅದೇ ಬೆಳಗ್ಗೆ ಅರಳುತ್ತವೆ.